ನೂರು ಜನರ ಲೆಕ್ಕ: ಚಿಕಿತ್ಸೆಯ ಮಾತನ್ನು ಎರಡೂ ಕಡೆಯಿಂದ ಕೇಳಿ ನಿರ್ಧರಿಸುವ ಬಗೆ

‘ನೂರಕ್ಕೆ ತೊಂಬತ್ತು ಜನ ಆರಾಮಾಗಿ ಹೊರಗೆ ಬರ್ತಾರೆ’ ಎಂದು ಡಾಕ್ಟರು ಹೇಳಿದರೆ ಮನೆಯವರು ಆಪರೇಷನ್‌ಗೆ ಒಪ್ಪುತ್ತಾರೆ. ‘ನೂರರಲ್ಲಿ ಹತ್ತು ಜನ ಉಳಿಯೋದಿಲ್ಲ’ ಎಂದರೆ ಅದೇ ಮನೆಯವರು ‘ಬೇಡ, ಮಾತ್ರೆಯಲ್ಲೇ ನೋಡೋಣ’ ಎನ್ನುತ್ತಾರೆ. ಎರಡೂ ಮಾತಿನ ಲೆಕ್ಕ ಒಂದೇ.

ಇದನ್ನು ಅಳೆದು ನೋಡಿದ ಪ್ರಸಿದ್ಧ ಅಧ್ಯಯನ 1982ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಬಾರ್ಬರಾ ಮೆಕ್‌ನೀಲ್, ಏಮೊಸ್ ಟ್ವರ್ಸ್ಕಿ ಮತ್ತು ಜೊತೆಗಾರರು ರೋಗಿಗಳು, ವಿದ್ಯಾರ್ಥಿಗಳು ಮತ್ತು ವೈದ್ಯರಿಗೆ ಒಂದೇ ಪ್ರಶ್ನೆ ಇಟ್ಟರು: ನಿಮಗೆ ಶ್ವಾಸಕೋಶದ ಕ್ಯಾನ್ಸರ್ ಇದೆ ಎಂದುಕೊಳ್ಳಿ, ಶಸ್ತ್ರಚಿಕಿತ್ಸೆಯೋ ವಿಕಿರಣವೋ? ಕೆಲವರಿಗೆ ಬದುಕುವವರ ಲೆಕ್ಕ ಕೊಟ್ಟರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 100 ಜನರಲ್ಲಿ 90 ಮಂದಿ ಆ ಹಂತ ದಾಟುತ್ತಾರೆ, ಒಂದು ವರ್ಷಕ್ಕೆ 68, ಐದು ವರ್ಷಕ್ಕೆ 34 ಮಂದಿ ಬದುಕಿರುತ್ತಾರೆ. ವಿಕಿರಣದಲ್ಲಿ ಇದೇ ಲೆಕ್ಕ 100, 77, 22. ಉಳಿದವರಿಗೆ ಸಾಯುವವರ ಲೆಕ್ಕ ಕೊಟ್ಟರು: ಶಸ್ತ್ರಚಿಕಿತ್ಸೆಯಲ್ಲಿ 10, 32, 66, ವಿಕಿರಣದಲ್ಲಿ 0, 23, 78. ಮೊದಲ ರೀತಿಯಲ್ಲಿ ಕೇಳಿದವರಲ್ಲಿ ವಿಕಿರಣ ಆರಿಸಿಕೊಂಡವರು ನೂರಕ್ಕೆ 18. ಎರಡನೆಯ ರೀತಿಯಲ್ಲಿ ಕೇಳಿದವರಲ್ಲಿ 44. ‘90’ ಮತ್ತು ‘100’ರ ನಡುವಿನ ಅಂತರ ಕಣ್ಣಿಗೆ ಬೀಳುವುದಿಲ್ಲ, ‘10’ ಮತ್ತು ‘ಸೊನ್ನೆ’ಯ ನಡುವಿನ ಅಂತರ ಎದೆಗೆ ನಾಟುತ್ತದೆ. ವೈದ್ಯರೂ ಈ ಸೆಳೆತಕ್ಕೆ ಹೊರಗಾಗಿರಲಿಲ್ಲ. ಓದಿಕೊಂಡವರಿಗೆ ಇದು ತಾಗುವುದಿಲ್ಲ ಎಂಬ ನಂಬಿಕೆಯನ್ನು ಬಿಟ್ಟುಬಿಡುವುದು ಒಳ್ಳೆಯದು. (ಆ ಅಂಕಿಗಳು ಅಂದಿನ ಚಿಕಿತ್ಸೆಯವು. ಇಂದಿನ ರೋಗಿಗೆ ಅವನ್ನು ಅನ್ವಯಿಸಬೇಡಿ.)

ಡಾಕ್ಟರು ಮೋಸ ಮಾಡುತ್ತಿದ್ದಾರೆ ಎಂದು ಇದರ ಅರ್ಥವಲ್ಲ. ಯಾವ ಮಾತನ್ನಾದರೂ ಒಂದು ಕಡೆಯಿಂದಲೇ ಶುರು ಮಾಡಬೇಕಾಗುತ್ತದೆ. ಇನ್ನೊಂದು ಕಡೆಯನ್ನು ಕೇಳಿ ಪಡೆಯುವ ಕೆಲಸ ನಮ್ಮದು. ಮನಸ್ಸು ಗಟ್ಟಿ ಮಾಡಿಕೊಂಡರೆ ಅದು ಆಗುವುದಿಲ್ಲ, ಕಾಗದದ ಮೇಲೆ ಬರೆದರೆ ಆಗುತ್ತದೆ.

ಮೊದಲು: ಸಮಯ ಇದೆಯೇ?

ಹೃದಯಾಘಾತ, ಪಾರ್ಶ್ವವಾಯು, ನಿಲ್ಲದ ರಕ್ತಸ್ರಾವ, ಉಸಿರುಕಟ್ಟು. ಇವುಗಳಲ್ಲಿ ಕಾಗದ ಪೆನ್ನು ಹಿಡಿದು ಕೂರಬೇಡಿ. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅಲ್ಲಿ ತಡವೇ ಎಲ್ಲಕ್ಕಿಂತ ದೊಡ್ಡ ಅಪಾಯ. ಉಳಿದ ಸಂದರ್ಭಗಳಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ‘ಇದನ್ನು ಇವತ್ತೇ ನಿರ್ಧರಿಸಬೇಕಾ? ಒಂದು ವಾರ ತಡವಾದರೆ ಏನಾಗುತ್ತೆ?’ ‘ಬೇಗ ಮಾಡಿಸಿ’ ಎಂಬ ಮಾತಿನಲ್ಲಿ ‘ಬೇಗ’ ಎಂದರೆ ಎರಡು ಗಂಟೆಯೋ ಎರಡು ತಿಂಗಳೋ ಎಂಬುದನ್ನು ಬಿಡಿಸಿಕೊಳ್ಳದೆ ಮುಂದಿನ ಯಾವ ಲೆಕ್ಕವೂ ಸಾಗುವುದಿಲ್ಲ.

ಒಂದು ಹಾಳೆ, ನಾಲ್ಕು ಅಂಕಣ

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಎಡಗಡೆ ಒಂದರ ಕೆಳಗೊಂದು ಆಯ್ಕೆಗಳನ್ನು ಬರೆಯಿರಿ. ಕೊನೆಯ ಸಾಲಿನಲ್ಲಿ ‘ಸದ್ಯಕ್ಕೆ ಏನೂ ಮಾಡದೆ ಗಮನಿಸುತ್ತಾ ಇರುವುದು’ ಎಂಬುದನ್ನು ಡಾಕ್ಟರು ಹೇಳದಿದ್ದರೂ ಸೇರಿಸಿ. ಪ್ರತಿ ಆಯ್ಕೆಯ ಎದುರು ನಾಲ್ಕು ಅಂಕಣ: 100 ಜನರಲ್ಲಿ ಎಷ್ಟು ಜನರಿಗೆ ಅನುಕೂಲ, ಎಷ್ಟು ಜನರಿಗೆ ಆಗುವುದಿಲ್ಲ, ಎಷ್ಟು ಜನರಿಗೆ ತೊಂದರೆ ಮತ್ತು ಅದು ಯಾವ ಬಗೆಯದು, ಎಷ್ಟು ಸಮಯದೊಳಗೆ.

ಎರಡು ನಿಯಮಗಳನ್ನು ಬಿಡಬೇಡಿ. ಮೊದಲನೆಯದು, ಒಂದು ಬದಿಯ ಅಂಕಿ ಸಿಕ್ಕ ಕೂಡಲೇ ಇನ್ನೊಂದು ಬದಿಯನ್ನೂ ಕಳೆದು ಬರೆಯಿರಿ. 95 ಸರಿಹೋಗುತ್ತಾರೆ ಎಂದರೆ ಪಕ್ಕದಲ್ಲೇ 5. ಎರಡನೆಯದು, ಎಲ್ಲ ಸಾಲುಗಳಿಗೂ ಕೆಳಗಿನ ಸಂಖ್ಯೆ, ಅಂದರೆ ‘ಎಷ್ಟು ಜನರಲ್ಲಿ’ ಎಂಬುದು, ಒಂದೇ ಇರಲಿ. ಒಂದು ಔಷಧಿಗೆ ‘20ರಲ್ಲಿ ಒಬ್ಬರಿಗೆ’, ಇನ್ನೊಂದಕ್ಕೆ ‘ಸಾವಿರದಲ್ಲಿ 40 ಜನಕ್ಕೆ’ ಎಂದು ಬರೆದುಕೊಂಡರೆ 40 ದೊಡ್ಡದಾಗಿ ಕಾಣುತ್ತದೆ. ನೂರಕ್ಕೆ ಇಳಿಸಿದರೆ ಮೊದಲನೆಯದು 5, ಎರಡನೆಯದು 4. 1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 10,000ದಲ್ಲಿ 1,286 ಜನರನ್ನು ಕೊಲ್ಲುವ ಕಾಯಿಲೆಯೇ 100ರಲ್ಲಿ 24 ಜನರನ್ನು ಕೊಲ್ಲುವ ಕಾಯಿಲೆಗಿಂತ ಭಯಾನಕ ಎಂದು ಜನರಿಗೆ ತೋರಿತು. ನಿಜದಲ್ಲಿ ಎರಡನೆಯದರ ಅಪಾಯ ಸುಮಾರು ಇಮ್ಮಡಿ. 100ಕ್ಕೆ ಇಳಿಸಿದಾಗ ಒಂದಕ್ಕಿಂತ ಕಡಿಮೆ ಬಂದರೆ ಎಲ್ಲ ಸಾಲನ್ನೂ 1,000ಕ್ಕೆ ಏರಿಸಿ.

ಶೇಕಡಾವಾರಿನ ಹಿಂದಿರುವ ತಲೆಗಳನ್ನು ಎಣಿಸಿ

ಅತಿ ಹೆಚ್ಚು ಮನೆಗಳು ಎಡವುವ ಜಾಗ ಇದು, ಹಾಗಾಗಿ ನಿಧಾನವಾಗಿ ನೋಡೋಣ. ‘ಈ ಮಾತ್ರೆ ಹೃದಯಾಘಾತವನ್ನು 34 ಶೇಕಡಾ ಕಡಿಮೆ ಮಾಡುತ್ತೆ’ ಎಂದು ಕೇಳಿದರೆ, ಮಾತ್ರೆ ತಿಂದ ನೂರರಲ್ಲಿ 34 ಜನ ಉಳಿದುಕೊಂಡರು ಎಂದೇ ಮನಸ್ಸು ಓದಿಕೊಳ್ಳುತ್ತದೆ. 1987ರಲ್ಲಿ ಪ್ರಕಟವಾದ ಹೆಲ್ಸಿಂಕಿ ಹೃದಯ ಅಧ್ಯಯನದಿಂದ ಬಂದದ್ದು ಇದೇ 34 ಶೇಕಡಾ. ಕೊಬ್ಬು ಇಳಿಸುವ ಜೆಮ್‌ಫೈಬ್ರೊಜಿಲ್ ಮಾತ್ರೆಯನ್ನು ಕೊಲೆಸ್ಟರಾಲ್ ಸಮಸ್ಯೆಯಿದ್ದ ನಡುವಯಸ್ಸಿನ ಗಂಡಸರಿಗೆ ಐದು ವರ್ಷ ಕೊಟ್ಟಿದ್ದರು. ಮಾತ್ರೆ ಇಲ್ಲದ ಸಾವಿರ ಜನರಲ್ಲಿ ಸುಮಾರು 41 ಮಂದಿಗೆ ಹೃದಯದ ತೊಂದರೆ ಬಂತು. ಮಾತ್ರೆ ತಿಂದ ಸಾವಿರದಲ್ಲಿ ಸುಮಾರು 27 ಮಂದಿಗೆ. ಉಳಿದುಕೊಂಡವರು ಸಾವಿರಕ್ಕೆ 14. ನಲವತ್ತೊಂದರಲ್ಲಿ ಹದಿನಾಲ್ಕು ಎಂದರೆ 34 ಶೇಕಡಾ, ಸಾವಿರದಲ್ಲಿ ಹದಿನಾಲ್ಕು ಎಂದರೆ 1.4 ಶೇಕಡಾ. ಎರಡೂ ಸತ್ಯ. ಸಾವಿರವನ್ನು 14ರಿಂದ ಭಾಗಿಸಿದರೆ 71: ಒಬ್ಬರಿಗೆ ಉಪಯೋಗವಾಗಲು 71 ಜನ ಐದು ವರ್ಷ ಮಾತ್ರೆ ತಿನ್ನಬೇಕು. ಅದು ಒಳ್ಳೆಯ ವ್ಯವಹಾರವೇ ಅಲ್ಲವೇ ಎಂಬುದು ನಿಮ್ಮ ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಈ ಹಿಂದೆ ಹೃದಯಾಘಾತ ಆಗಿದೆಯೇ ಎಂಬುದರ ಮೇಲೆ ನಿಂತಿದೆ. ಮೊದಲೇ ಅಪಾಯ ಹೆಚ್ಚಿರುವವರಿಗೆ ಅದೇ ಶೇಕಡಾವಾರಿನಿಂದ ಸಿಗುವ ಲಾಭವೂ ಹೆಚ್ಚು.

ಆದ್ದರಿಂದ ಕೇಳಬೇಕಾದ್ದು: ‘ನನ್ನಂಥ ನೂರು ಜನ ಇದನ್ನು ತಗೊಳ್ಳದೇ ಇದ್ದರೆ ಎಷ್ಟು ಜನಕ್ಕೆ ತೊಂದರೆ ಆಗುತ್ತೆ? ತಗೊಂಡರೆ ಎಷ್ಟು ಜನಕ್ಕೆ? ಎಷ್ಟು ವರ್ಷದಲ್ಲಿ?’ ಈ ಮೂರೂ ಸಿಕ್ಕರೆ ಉಳಿದದ್ದು ಬರೀ ಕಳೆಯುವ ಲೆಕ್ಕ.

ಅಪಾಯದ ವಿಷಯದಲ್ಲಿ ಇದೇ ತಪ್ಪು ತಿರುವುಮುರುವಾಗಿ ನಡೆಯುತ್ತದೆ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು: ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿ. ಜನ ಕೇಳಿಸಿಕೊಂಡದ್ದು ‘ನೂರು ಶೇಕಡಾ ಹೆಚ್ಚಳ’. ಅದರ ಹಿಂದಿದ್ದ ಲೆಕ್ಕ: ಹಳೆಯ ಮಾತ್ರೆಯಲ್ಲಿ 7,000 ಹೆಂಗಸರಲ್ಲಿ ಸುಮಾರು ಒಬ್ಬರಿಗೆ, ಹೊಸದರಲ್ಲಿ ಇಬ್ಬರಿಗೆ. ಗಾಬರಿಯಾಗಿ ಮಾತ್ರೆ ಬಿಟ್ಟವರು ಎಷ್ಟೋ ಮಂದಿ. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೆಚ್ಚುವರಿಯಾಗಿ ಸುಮಾರು 13,000 ಗರ್ಭಪಾತಗಳಾದವೆಂದು ಅಂದಾಜಿಸಲಾಯಿತು. ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಬಸಿರಿನಲ್ಲೇ ಹೆಚ್ಚು ಎಂಬುದು ಇಲ್ಲಿನ ದುರಂತ. ‘ಇಮ್ಮಡಿ’, ‘ಮೂರು ಪಟ್ಟು’, ‘ಅರ್ಧಕ್ಕರ್ಧ’ ಎಂಬ ಮಾತು ಬಂದಾಗಲೆಲ್ಲ ‘ಎಷ್ಟರ ಇಮ್ಮಡಿ?’ ಎಂದು ಕೇಳಿ.

ಕರಪತ್ರ, ಜಾಹೀರಾತುಗಳಲ್ಲಿ ಲಾಭವನ್ನು ಶೇಕಡಾವಾರಿನಲ್ಲಿ, ಅಪಾಯವನ್ನು ‘ಸಾವಿರದಲ್ಲಿ ಕೆಲವರಿಗೆ’ ಎಂದು ಬರೆದಿದ್ದರೆ ಎರಡು ಬೇರೆ ಅಳತೆಗೋಲು ಬಳಸಿದ್ದಾರೆ ಎಂದೇ ತಿಳಿಯಿರಿ. ಎರಡನ್ನೂ ಹಾಳೆಯ ಒಂದೇ ಅಳತೆಗೆ ತಂದ ಮೇಲೆ ತೂಗಿ.

‘ಅಪರೂಪ’ ಎಂದರೆ ಎಷ್ಟು?

ಔಷಧಿ ಪೆಟ್ಟಿಗೆಯೊಳಗಿನ ಚೀಟಿಗಳಲ್ಲಿ ಬಳಸುವ ಪದಗಳಿಗೆ ಯುರೋಪಿನಲ್ಲಿ ನಿಗದಿಯಾದ ಅಳತೆಯಿದೆ. ‘ಅತಿ ಸಾಮಾನ್ಯ’ ಎಂದರೆ 10ರಲ್ಲಿ ಒಬ್ಬರಿಗಿಂತ ಹೆಚ್ಚು. ‘ಸಾಮಾನ್ಯ’ ಎಂದರೆ 100ರಲ್ಲಿ 1ರಿಂದ 10 ಜನ. ‘ಅಸಾಮಾನ್ಯ’ ಎಂದರೆ 1,000ದಲ್ಲಿ 1ರಿಂದ 10, ‘ಅಪರೂಪ’ ಎಂದರೆ 10,000ದಲ್ಲಿ 1ರಿಂದ 10, ಅದಕ್ಕಿಂತ ಕಡಿಮೆಯಾದರೆ ‘ಅತಿ ಅಪರೂಪ’. ‘ಸಾಮಾನ್ಯವಾಗಿ ವಾಂತಿ ಬರಬಹುದು’ ಎಂದು ಓದಿದವರು ಅರ್ಧಕ್ಕರ್ಧ ಜನಕ್ಕೆ ಬರುತ್ತದೆ ಎಂದು ತಿಳಿದು ಮಾತ್ರೆಯನ್ನೇ ಮುಟ್ಟದಿರುವುದುಂಟು. ಬಾಯಿಮಾತಿನಲ್ಲಿ ಈ ಅಳತೆಯೂ ಇರುವುದಿಲ್ಲ. ‘ಸ್ವಲ್ಪ ರಿಸ್ಕ್ ಇದೆ’ ಎಂಬುದಕ್ಕೆ ಒಬ್ಬ ಡಾಕ್ಟರ ಮನಸ್ಸಿನಲ್ಲಿ ನೂರಕ್ಕೆ 1 ಇದ್ದರೆ ಇನ್ನೊಬ್ಬರ ಮನಸ್ಸಿನಲ್ಲಿ 15 ಇರಬಹುದು. ನಿಖರ ಅಂಕಿ ಇಲ್ಲ ಎಂದರೆ ವ್ಯಾಪ್ತಿ ಕೇಳಿ: ‘ನೂರರಲ್ಲಿ ಐದರೊಳಗಾ, ಇಪ್ಪತ್ತರ ಹತ್ತಿರನಾ?’ ಅಷ್ಟಕ್ಕೆ ಹೆಚ್ಚಿನವರು ಉತ್ತರಿಸುತ್ತಾರೆ.

ಪರೀಕ್ಷೆ ‘ಪಾಸಿಟಿವ್’ ಬಂದಾಗ

ಹೆಲ್ತ್ ಚೆಕಪ್ ಪ್ಯಾಕೇಜುಗಳ ಕಾಲದಲ್ಲಿ ಇದು ಪ್ರತಿ ಮನೆಯ ಪ್ರಶ್ನೆ. ‘ಪರೀಕ್ಷೆ ನೂರಕ್ಕೆ 90 ನಿಖರ’ ಎಂದರೆ ಪಾಸಿಟಿವ್ ಬಂದ ನೂರರಲ್ಲಿ 90 ಜನರಿಗೆ ಕಾಯಿಲೆ ಇದೆ ಎಂದಲ್ಲ. ಯಾವ ಲಕ್ಷಣವೂ ಇಲ್ಲದ 1,000 ಹೆಂಗಸರು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿಕೊಂಡರು ಎಂದಿಟ್ಟುಕೊಳ್ಳಿ. ಅವರಲ್ಲಿ 10 ಜನರಿಗೆ ಸ್ತನ ಕ್ಯಾನ್ಸರ್ ಇದೆ. ಪರೀಕ್ಷೆ ಆ ಹತ್ತರಲ್ಲಿ 9 ಜನರನ್ನು ಹಿಡಿಯುತ್ತದೆ. ಉಳಿದ 990 ಆರೋಗ್ಯವಂತರಲ್ಲಿ ಸುಮಾರು 89 ಜನರಿಗೂ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಒಟ್ಟು 98 ಪಾಸಿಟಿವ್, ನಿಜವಾದವು 9. ಅಂದರೆ ಹನ್ನೊಂದರಲ್ಲಿ ಒಂದು. ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಜರ್ಮನಿಯ 160 ಸ್ತ್ರೀರೋಗ ತಜ್ಞರಿಗೆ ಇದನ್ನೇ ಶೇಕಡಾವಾರಿನಲ್ಲಿ ಕೊಟ್ಟು ಕೇಳಿದಾಗ ಸರಿಯುತ್ತರ ಹೇಳಿದವರು ಐವರಲ್ಲಿ ಒಬ್ಬರಷ್ಟೇ. ತಲೆ ಎಣಿಸುವುದನ್ನು ಕಲಿಸಿದ ಮೇಲೆ ಬಹುಪಾಲು ಜನ ಸರಿಯಾಗಿ ಹೇಳಿದರು. ಪಾಸಿಟಿವ್ ತಪ್ಪಿರಬಹುದೆಂದು ಮುಂದಿನ ಪರೀಕ್ಷೆ ಬಿಡಬೇಡಿ. ಅದರ ಫಲಿತಾಂಶ ಬರುವ ಮೊದಲೇ ದೊಡ್ಡ ನಿರ್ಧಾರಕ್ಕೂ ಹೋಗಬೇಡಿ. ಗಂಟು ಕೈಗೆ ಸಿಕ್ಕು ಪರೀಕ್ಷೆಗೆ ಹೋದವರ ಲೆಕ್ಕ ಮಾತ್ರ ಬೇರೆ, ಅವರಲ್ಲಿ ಪಾಸಿಟಿವ್ ಎಂಬುದಕ್ಕೆ ತೂಕ ಹೆಚ್ಚು.

ಕಾಯಿಲೆಯ ಹೆಸರೇ ನಿರ್ಧಾರವನ್ನು ಎಳೆಯುವುದೂ ಉಂಟು. ಸ್ತನದ ಹಾಲುನಾಳದೊಳಗೇ ಉಳಿದಿರುವ ಒಂದು ಸ್ಥಿತಿಯನ್ನು 2013ರ ಅಮೆರಿಕನ್ ಅಧ್ಯಯನದಲ್ಲಿ 394 ಹೆಂಗಸರಿಗೆ ಮೂರು ಹೆಸರಿನಲ್ಲಿ ವಿವರಿಸಿದರು. ‘ಹರಡದ ಕ್ಯಾನ್ಸರ್’ ಎಂದಾಗ ಶಸ್ತ್ರಚಿಕಿತ್ಸೆ ಬಿಟ್ಟು ಬೇರೆ ದಾರಿ ಆರಿಸಿಕೊಂಡವರು 53 ಶೇಕಡಾ, ‘ಅಸಹಜ ಜೀವಕೋಶಗಳು’ ಎಂದಾಗ 69 ಶೇಕಡಾ. ಥೈರಾಯ್ಡ್‌ನ ನಿಧಾನವಾಗಿ ಬೆಳೆಯುವ ಒಂದು ಬಗೆಯ ಗಡ್ಡೆಯ ಹೆಸರಿನಿಂದ 2016ರಲ್ಲಿ ತಜ್ಞರೇ ‘ಕ್ಯಾನ್ಸರ್’ ಪದವನ್ನು ತೆಗೆದುಹಾಕಿದರು. ಹೆಸರು ಕೇಳಿ ಕೈಕಾಲು ತಣ್ಣಗಾದಾಗ ಕೇಳಬೇಕಾದ್ದು: ‘ಹೆಸರು ಬದಿಗಿರಲಿ. ಇದು ಹಾಗೇ ಬಿಟ್ಟರೆ ನೂರರಲ್ಲಿ ಎಷ್ಟು ಜನರಿಗೆ, ಎಷ್ಟು ವರ್ಷದಲ್ಲಿ, ಏನು ಮಾಡುತ್ತೆ?’

‘90 ಪರ್ಸೆಂಟ್ ಬ್ಲಾಕ್’

ನಮ್ಮಲ್ಲಿ ಇದಕ್ಕಿಂತ ಬಲವಾದ ಮಾತು ಇನ್ನೊಂದಿಲ್ಲ. ಆಂಜಿಯೋಗ್ರಾಂ ಮುಗಿಯುತ್ತಲೇ ಹೊರಗೆ ನಿಂತ ಮನೆಯವರನ್ನು ಕರೆದು ಪರದೆ ತೋರಿಸಿ, ‘90 ಪರ್ಸೆಂಟ್ ಬ್ಲಾಕ್ ಇದೆ, ಯಾವಾಗ ಬೇಕಾದರೂ ಏನು ಬೇಕಾದರೂ ಆಗಬಹುದು, ಸಹಿ ಹಾಕಿದರೆ ಈಗಲೇ ಸ್ಟೆಂಟ್’ ಎಂದರೆ ಬೇಡ ಎನ್ನುವ ಮಗ, ಸೊಸೆ ಯಾರಿದ್ದಾರೆ? ಇಲ್ಲಿ ಒಂದೇ ಶೇಕಡಾವಾರು ಎರಡು ಬೇರೆ ಸಂಗತಿಗಳನ್ನು ಬೆಸೆದುಬಿಡುತ್ತದೆ. 90 ಎಂಬುದು ರಕ್ತನಾಳ ಕಿರಿದಾದ ಪ್ರಮಾಣ. ಸಾಯುವ ಸಾಧ್ಯತೆ 90 ಎಂದಲ್ಲ.

ಹೃದಯಾಘಾತ ನಡೆಯುತ್ತಿರುವಾಗ ತುರ್ತು ಆಂಜಿಯೋಪ್ಲಾಸ್ಟಿ (ಕಿರಿದಾದ ನಾಳವನ್ನು ಹಿಗ್ಗಿಸಿ ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ಕೂರಿಸುವುದು) ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಬಂದು ಕೂತರೆ ಹೋಗುವಂಥ, ತಿಂಗಳುಗಟ್ಟಲೆ ಒಂದೇ ರೀತಿ ಇರುವ ಎದೆನೋವಿನ ಕತೆ ಬೇರೆ. 2007ರ ‘ಕರೇಜ್’ ಅಧ್ಯಯನ 2,287 ಜನರಲ್ಲಿ, 2020ರ ‘ಇಸ್ಕೀಮಿಯಾ’ ಅಧ್ಯಯನ 5,179 ಜನರಲ್ಲಿ ಇದನ್ನೇ ಪರೀಕ್ಷಿಸಿದವು. ಒಳ್ಳೆಯ ಔಷಧ ಚಿಕಿತ್ಸೆಯ ಮೇಲೆ ಸ್ಟೆಂಟ್‌ನಂಥ ಚಿಕಿತ್ಸೆ ಸೇರಿಸಿದ್ದರಿಂದ ಇಂಥವರಲ್ಲಿ ಸಾವು ಕಡಿಮೆಯಾಗಲಿಲ್ಲ. ಎದೆನೋವು ಕಡಿಮೆಯಾಯಿತು, ಅದು ಸಣ್ಣ ಲಾಭವಲ್ಲ. ಎಡ ಮುಖ್ಯ ರಕ್ತನಾಳದಲ್ಲೇ ತಡೆ ಇದ್ದವರಿಗೆ, ಹೃದಯದ ಪಂಪಿಂಗ್ ತೀರಾ ಇಳಿದವರಿಗೆ ಈ ಫಲಿತಾಂಶವನ್ನು ಅನ್ವಯಿಸುವಂತಿಲ್ಲ. ಹಾಗಾಗಿ ಆಂಜಿಯೋಗ್ರಾಂ ಕೊಠಡಿಗೆ ಹೋಗುವ ಮುನ್ನವೇ ಇವನ್ನು ಕೇಳಿಟ್ಟುಕೊಳ್ಳಿ: ಇದು ಹೃದಯಾಘಾತವೇ, ಸ್ಥಿರವಾದ ಎದೆನೋವೇ? ತಡೆ ಎಡ ಮುಖ್ಯ ನಾಳದಲ್ಲಿ ಸಿಕ್ಕರೆ ಏನು, ಬೇರೆ ಕಡೆ ಸಿಕ್ಕರೆ ಏನು? ಸ್ಟೆಂಟ್ ಹಾಕುವುದು ಜೀವ ಉಳಿಸಲೋ, ನೋವು ಇಳಿಸಲೋ? ಔಷಧಿಯಲ್ಲಿ ಮೂರು ತಿಂಗಳು ನೋಡಬಹುದೇ?

ಕಾನೂನೂ ಇಲ್ಲಿ ರೋಗಿಯ ಪರವಾಗಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ, ಜೀವ ಉಳಿಸಲು ತಡಮಾಡುವಂತಿಲ್ಲದ ಸಂದರ್ಭವನ್ನು ಬಿಟ್ಟು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಬೇರೆ ದಾರಿಗಳು, ಗಣನೀಯ ಅಪಾಯಗಳು, ಬೇಡವೆಂದರೆ ಏನಾಗಬಹುದು ಎಂಬುದನ್ನು ವೈದ್ಯರು ತಿಳಿಸಬೇಕು. ಒಪ್ಪಿಗೆ ಪತ್ರದಲ್ಲಿ ‘ಬೇರೆ ದಾರಿಗಳು’ ಎಂಬ ಸಾಲು ಖಾಲಿ ಇದ್ದರೆ ತುಂಬಿಸಿ ಎಂದು ಕೇಳುವುದು ಜಗಳವಲ್ಲ.

ಆಯ್ಕೆಗಳ ಸಂಖ್ಯೆ, ಮೊದಲೇ ಹಾಕಿದ ಗುರುತು

ಕೆನಡಾದಲ್ಲಿ 1995ರಲ್ಲಿ ಸಂಶೋಧಕರಾದ ರೆಡೆಲ್ಮಯರ್ ಮತ್ತು ಶಫೀರ್ ಎಂಬವರು ಕುಟುಂಬ ವೈದ್ಯರ ಮುಂದೆ ಸೊಂಟದ ಕೀಲುನೋವಿನ 67 ವರ್ಷದ ರೈತನೊಬ್ಬನ ಪ್ರಕರಣ ಇಟ್ಟರು. ಶಸ್ತ್ರಚಿಕಿತ್ಸೆಗೆ ಕಳಿಸುವ ಮುನ್ನ ಪ್ರಯತ್ನಿಸದ ಒಂದು ಮಾತ್ರೆ ಉಳಿದಿದೆ ಎಂದಾಗ, ಮಾತ್ರೆ ಕೊಡದೆ ನೇರವಾಗಿ ಕಳಿಸುತ್ತೇವೆ ಎಂದವರು 53 ಶೇಕಡಾ. ಎರಡು ಮಾತ್ರೆ ಉಳಿದಿವೆ ಎಂದಾಗ 72 ಶೇಕಡಾ. ಎರಡರಲ್ಲಿ ಒಂದನ್ನು ಆರಿಸುವ ತಾಪತ್ರಯವೇ ಎರಡನ್ನೂ ಬಿಡಿಸಿತು. ನಿಮ್ಮ ಮುಂದೆ ನಾಲ್ಕು ದಾರಿ ಬಂದು ತಲೆ ಕೆಟ್ಟರೆ ಮೊದಲು ಒಂದೇ ಮಾದರಿಯವನ್ನು ಒಟ್ಟು ಮಾಡಿ: ‘ಕೊಯ್ಯುವುದು’, ‘ಔಷಧಿ’, ‘ಕಾಯುವುದು’. ಇವುಗಳ ನಡುವೆ ತೀರ್ಮಾನವಾದ ಮೇಲೆ ಯಾವ ಔಷಧಿ ಎಂದು ನೋಡಿ.

ಫಾರಂನಲ್ಲಿ ಮೊದಲೇ ಗುರುತು ಹಾಕಿದ್ದರೆ ಅದರ ಎಳೆತ ಇನ್ನೂ ಹೆಚ್ಚು. ಅಮೆರಿಕದಲ್ಲಿ ಗಂಭೀರ ಕಾಯಿಲೆಯವರಿಗೆ ಕೊಟ್ಟ ಮುಂಚಿತ ಸೂಚನಾ ಪತ್ರದ (ಮುಂದೆ ಮಾತಾಡಲಾಗದಿದ್ದರೆ ಯಾವ ಚಿಕಿತ್ಸೆ ಬೇಕು ಎಂದು ಮೊದಲೇ ಬರೆದಿಡುವ ಪತ್ರ) ಅಧ್ಯಯನವೊಂದರಲ್ಲಿ (2013), ನೆಮ್ಮದಿಯ ಆರೈಕೆಗೆ ಮೊದಲೇ ಗುರುತು ಹಾಕಿದ್ದಾಗ 77 ಶೇಕಡಾ ಜನ ಅದನ್ನೇ ಆರಿಸಿಕೊಂಡರು. ಆಯಸ್ಸು ಎಳೆಯುವ ಚಿಕಿತ್ಸೆಗೆ ಗುರುತು ಹಾಕಿದ್ದಾಗ ನೆಮ್ಮದಿಯನ್ನು ಆರಿಸಿದವರು 43 ಶೇಕಡಾ. ಫಾರಂ ಕೈಗೆ ಬಂದರೆ ಖಾಲಿ ಪ್ರತಿ ಕೇಳಿ.

ಐಸಿಯು ಹೊರಗಿನ ಪ್ರಶ್ನೆ

‘ಎಲ್ಲಾ ಪ್ರಯತ್ನ ಮಾಡೋಣವಾ, ಅಥವಾ ಬಿಟ್ಟುಬಿಡೋಣವಾ?’ ಹೀಗೆ ಕೇಳಿದರೆ ಉತ್ತರ ಒಂದೇ: ‘ಕೈಲಾದದ್ದೆಲ್ಲ ಮಾಡಿ ಡಾಕ್ಟ್ರೇ.’ ಬಿಟ್ಟುಬಿಡಿ ಎಂದ ಮಗ ಊರಲ್ಲಿ ಮುಖ ತೋರಿಸುವುದು ಹೇಗೆ? ಹೃದಯ ನಿಂತರೆ ಎದೆ ಒತ್ತಿ ಮತ್ತೆ ಚಾಲೂ ಮಾಡುವ ಪ್ರಯತ್ನದ ಬಗ್ಗೆ ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ತೋರಿಸಿತು. ಆ ಪ್ರಯತ್ನ ಬೇಡ ಎಂಬ ಆಯ್ಕೆಯನ್ನು ‘ಪುನಶ್ಚೇತನ ಮಾಡದಿರುವುದು’ ಎಂದು ಕರೆದಾಗ 61 ಶೇಕಡಾ ಜನ ಎದೆ ಒತ್ತಿಸಲು ಕೇಳಿದರು, ‘ಸಹಜ ಸಾವಿಗೆ ಅವಕಾಶ ಕೊಡುವುದು’ ಎಂದಾಗ 49 ಶೇಕಡಾ.

ಇಲ್ಲಿ ಪ್ರಶ್ನೆಯನ್ನೇ ಬದಲಾಯಿಸಿಕೊಳ್ಳಿ. ‘ಬೇಕಾ ಬೇಡವಾ’ ಎಂಬುದರ ಬದಲು: ವೆಂಟಿಲೇಟರ್ ಹಾಕಿದರೆ ಅಪ್ಪನಂಥ ನೂರು ಜನರಲ್ಲಿ ಎಷ್ಟು ಜನ ಮನೆಗೆ ನಡೆದು ಹೋಗ್ತಾರೆ? ಎಷ್ಟು ಜನ ಹಾಸಿಗೆಯಲ್ಲೇ ಉಳೀತಾರೆ? ಹಾಕದಿದ್ದರೆ ಉಸಿರಾಟದ ಸಂಕಟಕ್ಕೆ ಏನು ಕೊಡ್ತೀರಿ? ಮೂರು ದಿನ ಹಾಕಿ ನೋಡಿ ಆಮೇಲೆ ಮತ್ತೆ ಮಾತಾಡೋಣವಾ? ‘ನಿಮಗೆ ಏನು ಬೇಕು’ ಎಂದು ಮನೆಯವರನ್ನು ಕೇಳುವುದಕ್ಕಿಂತ ‘ಅವರಿಗೇ ಮಾತಾಡಲು ಬಂದಿದ್ದರೆ ಏನು ಹೇಳ್ತಿದ್ರು’ ಎಂದು ಕೇಳುವುದು ಹೆಚ್ಚು ನ್ಯಾಯ. ಆ ಉತ್ತರವನ್ನು ಅವರೇ ಮೊದಲು ಬರೆದಿಡಬಹುದು. ಮುಂಚಿತ ವೈದ್ಯಕೀಯ ಸೂಚನೆಗೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟು, 2023ರಲ್ಲಿ ವಿಧಾನ ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿದೆ.

ಕೊನೆಯ ಎರಡು ಪರೀಕ್ಷೆ

‘ನಿಮ್ಮ ತಾಯಿ ಆಗಿದ್ದರೆ ಏನು ಮಾಡ್ತಿದ್ರಿ?’ ಎಂಬ ಪ್ರಶ್ನೆ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ. 2011ರ ಒಂದು ಅಧ್ಯಯನದಲ್ಲಿ ಎರಡು ಬಗೆಯ ಕರುಳಿನ ಶಸ್ತ್ರಚಿಕಿತ್ಸೆಗಳ ಪೈಕಿ, ಸಾವಿನ ಅಪಾಯ ಹೆಚ್ಚಿದ್ದು ಉಳಿದ ತೊಡಕುಗಳು ಕಡಿಮೆಯಿದ್ದುದನ್ನು ತಮಗಾಗಿ ಆರಿಸಿಕೊಂಡ ವೈದ್ಯರು 38 ಶೇಕಡಾ, ರೋಗಿಗೆ ಸಲಹೆ ಮಾಡಿದವರು 25 ಶೇಕಡಾ. ‘ನಿಮ್ಮವರಾಗಿದ್ದರೆ ಏನು ಮಾಡ್ತಿದ್ರಿ’, ‘ನಮಗೆ ನಿಮ್ಮ ಸಲಹೆ ಏನು’ ಎಂದು ಎರಡನ್ನೂ ಕೇಳಿ, ಉತ್ತರ ಬೇರೆಯಾದರೆ ‘ಯಾಕೆ?’ ಎಂದು ಕೇಳಿ. ಆ ಕಾರಣವೇ ನಿಮಗೆ ಬೇಕಾದ ಮಾಹಿತಿ.

ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗ ಅಮ್ಮನಿಗೆ ಕನ್ನಡದಲ್ಲಿ ಹೇಳುವಾಗ ಅಪಾಯದ ಭಾಗ ಉದುರಿಹೋಗುವುದು ಸಾಮಾನ್ಯ, ಪ್ರೀತಿಯಿಂದಲೇ ಉದುರುತ್ತದೆ. ಹಾಳೆಯನ್ನು ರೋಗಿಯ ಮುಂದೆಯೇ ಓದಿ, ಡಾಕ್ಟರಿಗೆ ‘ನನಗೆ ಅರ್ಥ ಆಗಿದ್ದು ಇಷ್ಟು, ತಪ್ಪಿದ್ದರೆ ತಿದ್ದಿ’ ಎಂದು ಒಪ್ಪಿಸಿ. ತುಂಬಿದ ಹಾಳೆಯನ್ನು ಮರುದಿನ ಬೆಳಿಗ್ಗೆ ತೊಂದರೆಯ ಅಂಕಣದಿಂದ ಶುರು ಮಾಡಿ ಮತ್ತೊಮ್ಮೆ ಓದಿ. ನಿರ್ಧಾರ ಅಲುಗಾಡಿದರೆ ಅದು ಇನ್ನೂ ಹಣ್ಣಾಗಿಲ್ಲ.

ಆಗ ಎರಡನೆಯ ಅಭಿಪ್ರಾಯಕ್ಕೆ ಹೋಗಿ. ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವಿದೆ. ಹೊಸ ಡಾಕ್ಟರ ಮುಂದೆ ‘ಅವರು ಆಪರೇಷನ್ ಅಂದ್ರು, ನೀವೇನಂತೀರಿ?’ ಎಂದು ಶುರು ಮಾಡಬೇಡಿ. ರಿಪೋರ್ಟು, ಸ್ಕ್ಯಾನ್ ಫಿಲಂ, ಈಗಿನ ಮಾತ್ರೆಗಳ ಪಟ್ಟಿ ಕೊಟ್ಟು ‘ಏನೇನು ದಾರಿ ಇದೆ?’ ಎಂದಷ್ಟೇ ಕೇಳಿ. ಮೊದಲ ಸಲಹೆಯ ಚೀಟಿಯನ್ನು ಅವರು ತಮ್ಮ ಮಾತು ಮುಗಿಸಿದ ಮೇಲೆ ತೋರಿಸಿ.